ಆರುನೂರು ಅಡಿ

ಫಾರ್ಮಿನಲ್ಲಿ ಒಂದು ಕಾಲಂ ಇದೆ:
ಎಷ್ಟು ಹತ್ತಿರ ಬಂದಿತ್ತು?
ಆರುನೂರು ಅಡಿ, ಎಂದು ಬರೆದೆ.
ಅದರ ಕೆಳಗೆ ಇನ್ನೊಂದು: ಕಣ್ಣಿಗೆ ಕಂಡಿತೆ?
ಇಲ್ಲ, ಎಂದು ಬರೆದು
ಪೆನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದೆ.

ಶಾರ್ಜಾದಲ್ಲಿ ರಾತ್ರಿ ಎರಡೂವರೆ.
ಕ್ರೂ ರೂಮಿನ ಏಸಿಗೆ ಕರುಣೆಯಿಲ್ಲ.
ಕ್ಯಾಪ್ಟನ್ ಘಸ್ಸಾನ್ ಕಾಗದದ ಲೋಟದಲ್ಲಿ ಕರಕ್ ಚಹಾ ತಂದು
ನನ್ನ ಮೊಣಕೈ ಬಳಿ ಇಟ್ಟರು, ಮಾತಾಡದೆ.

ನಡೆದದ್ದು ಇಷ್ಟು:
ಸಲಾಲಾದಿಂದ ಬರುತ್ತಿದ್ದೆವು. ಹಾರಿಸುತ್ತಿದ್ದವಳು ನಾನು.
ಕೆಳಗೆ ಮರಳು, ಎಣ್ಣೆಬಾವಿಯ ಬೆಂಕಿ ಅಲ್ಲೊಂದು ಇಲ್ಲೊಂದು,
ಕತ್ತಲಲ್ಲಿ ಯಾರೋ ಬೀಡಿ ಹಚ್ಚಿ ಕೂತ ಹಾಗೆ.
ಪರದೆಯ ಮೇಲಿದ್ದ ಬಿಳಿ ಹರಳು
ನೋಡನೋಡುತ್ತ ಹಳದಿ ಬೊಟ್ಟಾಯಿತು.
"ಟ್ರಾಫಿಕ್, ಟ್ರಾಫಿಕ್" ಎಂದಿತು ಆ ದನಿ,
ಯಾವತ್ತೂ ಗಾಬರಿಯಾಗದ ದನಿ,
ಬಸ್‌ಸ್ಟ್ಯಾಂಡಿನಲ್ಲಿ ಪ್ಲಾಟ್‌ಫಾರಂ ನಂಬರು ಕೂಗುವಂಥದು.
ಆಮೇಲೆ ಕೆಂಪು ಚೌಕ.
"ಕ್ಲೈಂಬ್, ಕ್ಲೈಂಬ್."

ಅದೇ ಗಳಿಗೆಗೆ ಕಿವಿಯೊಳಗೆ ಕಂಟ್ರೋಲಿನವನು,
ಉಗುಳು ನುಂಗಿದ್ದೂ ಕೇಳಿಸುವಷ್ಟು ಹತ್ತಿರ:
ಇಳಿಯಿರಿ, ತಕ್ಷಣ ಇಳಿಯಿರಿ.

ನಿಯಮ ಗೊತ್ತು. ಆರು ತಿಂಗಳಿಗೊಮ್ಮೆ ಸಿಮ್ಯುಲೇಟರಿನಲ್ಲಿ ಕೂರಿಸಿ
ಉರು ಹೊಡೆಸುತ್ತಾರೆ: ಯಂತ್ರದ ಮಾತು ಕೇಳು.
ಆದರೂ ಬೆನ್ನುಹುರಿಗೆ ಮೊದಲು ತಾಗುವುದು
ಮನುಷ್ಯನ ದನಿಯೇ.

ಆಟೋಪೈಲಟ್ ಬಿಡಿಸಿದೆ.
ಹಸಿರು ಪಟ್ಟಿಯೊಳಕ್ಕೆ ಮೂಗೆತ್ತಿದೆ, ಮೆಲ್ಲಗೆ,
ನೂರ ಅರವತ್ತೆರಡು ಮಂದಿಯ ನಿದ್ದೆ ತುಳುಕದ ಹಾಗೆ.
ನಿಮ್ಮ ಮಾತು ಕೇಳಲಾರೆವು ಎಂಬುದನ್ನು
ಘಸ್ಸಾನ್ ರೇಡಿಯೋದಲ್ಲಿ ಎರಡೇ ಪದದಲ್ಲಿ ಹೇಳಿದರು.
ಅತ್ತಲಿಂದ "ರೋಜರ್."
ಆಮೇಲೆ ಅವನದೂ ಮೌನ.

ಗದಗಿನಲ್ಲಿ ಅಪ್ಪ ರೈಲು ಓಡಿಸುತ್ತಿದ್ದರು. ಒಂಟಿ ಹಳಿ.
ಬೆತ್ತದ ಬಳೆಗೆ ಕಟ್ಟಿದ ಚೀಲ, ಅದರೊಳಗೆ ಲೋಹದ ಗೋಳ;
ಓಡುವ ಎಂಜಿನ್ನಿಂದ ಬಾಗಿ ತೋಳಿಗೆ ಸಿಕ್ಕಿಸಿಕೊಳ್ಳಬೇಕು.
"ಗೋಳಾ ಕೈಗೆ ಬಂತಂದ್ರ ಮುಂದಿನ ಸ್ಟೇಷನ್ ತನಕಾ ಹಳಿ ನಂದು.
ಎದುರಿನ ಗಾಡಿ ಎಲ್ಲಿ ನಿಂತದ ಅಂತ ಇಣುಕಾಕ ಹೋಗಬಾರದವ್ವಾ."
ಎರಡು ಸ್ಟೇಷನ್ನಿನ ಪೆಟ್ಟಿಗೆಗಳು ತಂತಿಯಲ್ಲಿ ಮಾತಾಡಿಕೊಂಡು
ಒಂದೇ ಒಂದು ಗೋಳ ಉದುರಿಸುತ್ತಿದ್ದವಂತೆ.
ಬೆತ್ತ ಬಡಿದು ನೀಲಿಗಟ್ಟಿದ ಆ ಎಡತೋಳನ್ನು
ಮದುವೆಮನೆಯ ಪಂಕ್ತಿಯಲ್ಲೂ ನಾನು ದೂರದಿಂದ ಗುರುತಿಸುತ್ತಿದ್ದೆ.

ನಮ್ಮ ಎರಡು ಯಂತ್ರಗಳೂ ಹಾಗೇ,
ನೀನು ಇಳಿ, ನಾನು ಏರುತ್ತೇನೆ ಎಂದು
ನಮಗೆ ಕೇಳಿಸುವ ಮೊದಲೇ
ತಮ್ಮತಮ್ಮಲ್ಲಿ ಮಾತು ಮುಗಿಸಿಕೊಂಡಿದ್ದವು.
ಆ ಕಡೆಯವನು ಕೇಳಿದ, ಇಳಿದ.
ಅವನ ಹೆಸರು ಗೊತ್ತಿಲ್ಲ. ಅವಳಿರಬಹುದು.
ಅವಳ ಬೆನ್ನುಹುರಿಯೂ ಅರೆಕ್ಷಣ ತಡವರಿಸಿರಬಹುದು.

"ಹೊರಗೆ ನೋಡಿದೆಯಾ?" ಎಂದರು ಘಸ್ಸಾನ್
ಚಹಾ ಅರ್ಧವಾದ ಮೇಲೆ.
ಇಲ್ಲ. ಪಟ್ಟಿ ನೋಡುತ್ತಿದ್ದೆ.
"ಒಳ್ಳೆಯದು.
ನಾನು ನೋಡಿದೆ."
ಸಾಲು ಕಿಟಕಿ. ಒಂದರಲ್ಲಿ ಮಾತ್ರ ದೀಪ.
ಯಾರೋ ತಲೆ ತಗ್ಗಿಸಿ ಓದುತ್ತಿದ್ದರು.
ಅಷ್ಟು ಹೇಳಿ ಲೋಟ ಹಿಸುಕಿ ಬುಟ್ಟಿಗೆ ಹಾಕಿದರು.
'ಇಲ್ಲ' ಹೊಡೆದುಹಾಕಿ 'ಹೌದು' ಎಂದು ಬರೆದೆ.
ದೀಪಕ್ಕೆ ಕಾಲಂ ಇರಲಿಲ್ಲ.

ಬೆಳಗಿನ ಏಳಕ್ಕೆ ಅಲ್ ನಹದಾ, ಹದಿನಾರನೆಯ ಮಹಡಿ.
ಲಿಫ್ಟಿನಿಂದ ನನ್ನ ಬಾಗಿಲಿಗೆ ಇಕ್ಕಟ್ಟಿನ ಓಣಿ.
ಎದುರಿಗೆ ಹೆಗಲ ಮೇಲೆ ನೀರಿನ ಕ್ಯಾನು ಹೊತ್ತ ಹುಡುಗ.
ನಾನು ಗೋಡೆಯ ಕಡೆ ಸರಿದೆ, ಅವನೂ ಗೋಡೆಯ ಕಡೆ.
ನಾನು ಬಾಗಿಲುಗಳ ಕಡೆ ಸರಿದೆ, ಅವನೂ.
ಮತ್ತೆ ಗೋಡೆ.
ಹೇಳಿಕೊಡುವವರು ಯಾರೂ ಇರಲಿಲ್ಲ.
ಅವನು ಹಲ್ಲು ತೋರಿಸಿ ನಕ್ಕ.
ನಾನು ನಿಂತೇಬಿಟ್ಟೆ, ಯೂನಿಫಾರ್ಮಿನಲ್ಲಿ, ಚೀಲ ಹಿಡಿದು,
ಮೊಣಕಾಲು ಆಗ ನಡುಗತೊಡಗಿತು.

ಅವನೂ ನಿಂತ.
ಕ್ಯಾನಿನೊಳಗಿನ ನೀರು ಮಾತ್ರ
ಇನ್ನೂ ಅತ್ತ, ಇನ್ನೂ ಇತ್ತ.